ಹಗೇವಿಗೆ ಹೆಪ್ಪು

ಹಿತ್ತಿಲಲ್ಲಿ ಸೊಂಟದ ಆಳಕ್ಕೆ ಅಗೆದಿದ್ದಾಗ ಗೌಂಡಿ ನಬೀಸಾಬನ ಗುದ್ದಲಿ ಕಲ್ಲಿಗೆ ತಾಗಿತು. ಮಣ್ಣು ಸರಿಸಿದರೆ ದುಂಡಗೆ ಕಡೆದ ಕಲ್ಲು, ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಬಾಯಿಗೆ ಮುಚ್ಚಿದ ಚಪ್ಪಡಿ.

“ಕಾಕಾ, ಇಲ್ಲಿ ಏನೋ ಐತಿ, ಬರ್ರಿಲ್ಲೆ.”

ಈಶಪ್ಪ ಕಟ್ಟೆಯಿಂದ ಎದ್ದು ಬಂದು ಬಗ್ಗಿ ನೋಡಿದ. ಎಪ್ಪತ್ತೆರಡು ವರ್ಷದ ಮುಖ ಮೆಲ್ಲಗೆ ಅರಳಿತು.

“ಹಗೇವೋ ತಮ್ಮಾ. ನಮ್ಮಪ್ಪ ತೆಗಿಸಿದ್ದು. ಹಿತ್ತಲದಾಗ ಐತಿ ಅನ್ನೂದು ನೆನಪಿತ್ತು, ಎಲ್ಲೆ ಅನ್ನೂದು ಮರತಿದ್ದೆ.”

ಅವರ ಊರು ಸೂಡಿಯಲ್ಲಿ ಹಿಂದೆ ಉಳ್ಳವರ ಮನೆಗೆಲ್ಲ ಹಗೇವು ಇರುತ್ತಿತ್ತು. ನೆಲದೊಳಗಿನ ಕಣಜ ಅದು. ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮೇಲೆ ಮಣ್ಣು ಮೆತ್ತಿದರೆ ನಾಲ್ಕು ವರ್ಷ ಮಳೆ ಹೋದರೂ ಮನೆಯವರು ಉಪವಾಸ ಬೀಳುತ್ತಿರಲಿಲ್ಲ. ಚೀಲಗಳು ಬಂದವು, ಗೋದಾಮು ಬಂತು, ಹಗೇವುಗಳು ಒಂದೊಂದಾಗಿ ಮಣ್ಣು ಸೇರಿದವು.

ನಬೀಸಾಬ ಒಳಗೆ ಇಣುಕಿ ಗೋಡೆ ಬಡಿದು ನೋಡಿದ. “ಗಟ್ಟಿ ಐತ್ರಿ. ಅರ್ಧ ಕೆಲಸಾ ನಿಮ್ಮ ಹಿರ್ಯಾರ ಮಾಡಿಟ್ಟ ಹೋಗ್ಯಾರ. ಒಂದೀಟ ಅಗಲ ಮಾಡಿ ಇಲ್ಲೇ ಕಟ್ಟಿಬಿಡತೀನಿ.”

ಪಕ್ಕದ ಗೋಡೆಯ ಮೇಲಿನಿಂದ ಕಳಕೇಶನ ತಲೆ ಕಾಣಿಸಿತು. ಅವನು ಈಶಪ್ಪನ ಸೋದರಳಿಯ. ಮಾವ-ಅಳಿಯನ ವರಸೆಗೆ ತಕ್ಕಂತೆ ಚೇಷ್ಟೆಯ ಬಾಯಿ.

“ಏನ್ ಮಾವಾ, ಕಾಳ ತುಂಬೂ ಜಾಗಾದಾಗ ಹೆಂಡಿ ತುಂಬಾಂವ ಆದಿ?”

“ಹೆಂಡಿ ಹಾಕದ ಹೊಲದಾಗ ನಿನಗ ಯಾವ ಕಾಳ ಬೆಳದೈತೋ ಅಳಿಯಾ?” ಎಂದ ಈಶಪ್ಪ. ನಬೀಸಾಬ ನಕ್ಕು ಮತ್ತೆ ಗುದ್ದಲಿ ಎತ್ತಿದ.

ಕಟ್ಟುತ್ತಿದ್ದದ್ದು ಹೆಂಡಿ, ಎಂದರೆ ಸಗಣಿ, ತುಂಬುವ ಗೋಬರ್ ಗ್ಯಾಸಿನ ತೊಟ್ಟಿ. ದನಕರು ಇರುವ ಮನೆಯವರು ಹಿತ್ತಿಲಲ್ಲಿ ಇಂಥದೊಂದು ಕಟ್ಟಿಸಿಕೊಂಡರೆ ಖರ್ಚಿನ ಒಂದು ಪಾಲನ್ನು ಸರಕಾರ ಸಹಾಯಧನವೆಂದು ಕೊಡುತ್ತಿತ್ತು. ಆದರೆ ಕಟ್ಟಿದರಷ್ಟೇ ಸಾಲದು. ಅಧಿಕಾರಿ ಬಂದು, ಒಲೆಯ ಮೇಲೆ ಉರಿಯನ್ನು ಕಣ್ಣಾರೆ ಕಂಡು, ಫೋಟೋ ತೆಗೆದ ಮೇಲೆಯೇ ಹಣ. ಅದೂ ಮಾರ್ಚ್ ತಿಂಗಳು ಮುಗಿಯುವುದರೊಳಗೆ.

ಈ ಯೋಜನೆಯ ಸುದ್ದಿಯನ್ನು ಎಂಟು ವರ್ಷದ ಹಿಂದೆ ಪಂಚಾಯತಿಯಿಂದ ಮೊದಲು ತಂದವಳು ಈಶಪ್ಪನ ಹೆಂಡತಿ ಚನ್ನವ್ವ. ಮನೆಯಲ್ಲಿ ಸಿಲಿಂಡರು ಇತ್ತು, ಚಹಾಕ್ಕೆ, ಸಾರಿಗೆ. ರೊಟ್ಟಿಗೆ, ಸ್ನಾನದ ನೀರಿಗೆ ಒಣಸಗಣಿಯ ಕುಳ್ಳಿನ ಒಲೆಯೇ. ಹೊಗೆಯಲ್ಲಿ ಅವಳಿಗೆ ಕೆಮ್ಮು. “ಹೆಂಡಿ ಕುಳ್ಳಾಗಿ ಕಣ್ಣ ಸುಡೂದರ ಬದಲಿ ಗ್ಯಾಸಾಗಿ ರೊಟ್ಟಿ ಸುಡಲಿ ಅಲ್ಲ,” ಎಂದಿದ್ದಳು. ಈಶಪ್ಪ, “ಬರೂ ವರ್ಷ ನೋಡೂಣು,” ಎಂದ. ಎಂಟು ಸಲ ಹಾಗೆಯೇ ಎಂದ. ಹೋದ ಆಷಾಢದಲ್ಲಿ ಚನ್ನವ್ವ ತೀರಿಕೊಂಡಳು. ಕೆಮ್ಮಿನಿಂದ ಅಲ್ಲ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಸೊಸೆ ಸುವರ್ಣಾ ಅಡುಗೆಮನೆಯ ಹಲಗೆ ಒರೆಸುವಾಗ ಅರಿಷಿಣದ ಡಬ್ಬಿಯ ಕೆಳಗೆ ಆ ಪಂಚಾಯತಿಯ ಕಾಗದ ಸಿಕ್ಕಿತು. ನಾಲ್ಕು ಮಡಿಕೆ, ಹೊಗೆ ಹಿಡಿದು ಕಂದಾಗಿತ್ತು. ಅವಳು ಅದನ್ನು ತಂದು ಮಾವನ ಮುಂದೆ ಇಟ್ಟಳು. ಮರುದಿನ ಲಿಂಗಪೂಜೆ ಮುಗಿಸಿ ಬಂದ ಈಶಪ್ಪ ಹೇಳಿದ್ದು ಒಂದೇ ಮಾತು: “ಅರ್ಜಿ ಹಾಕವ್ವಾ.”

ಜಾಗ ನೋಡಲು ಬಂದ ಅಧಿಕಾರಿ ದೀಪಶ್ರೀ ಇನ್ನೂ ಚಿಕ್ಕ ವಯಸ್ಸಿನವಳು, ನರಗುಂದದ ಕಡೆಯವಳು. ದನಗಳನ್ನು ಎಣಿಸಿ, ಎರಡು ಎತ್ತು, ಒಂದು ಎಮ್ಮೆ, ಒಂದು ಆಕಳು ಎಂದು ಬರೆದುಕೊಂಡು ಹೇಳಿದಳು:

“ಅಜ್ಜಾರ, ಸಂಡಾಸದ ಪೈಪೂ ಇದಕ್ಕ ಕೂಡಿಸಿದ್ರ ಸರಕಾರ ಇನ್ನೊಂದೀಟ ಹೆಚ್ಚ ಕೊಡತೈತಿ ನೋಡ್ರಿ.”

ಈಶಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. “ತಂಗೀ, ಸರಕಾರಕ್ಕ ನನ್ನ ಶರಣು ಹೇಳು. ಆ ಹೆಚ್ಚಿಂದ ಏನೈತಿ, ಅದನ್ನ ಸರಕಾರನ ಇಟಗೊಳ್ಳಲಿ.”

ದೀಪಶ್ರೀ ನಗು ತಡೆದುಕೊಂಡು ಆ ಕಲಮಿನ ಮುಂದೆ ‘ಇಲ್ಲ’ ಎಂದು ಬರೆದಳು.

ಶಿವರಾತ್ರಿ ಕಳೆದ ನಾಲ್ಕನೆಯ ದಿನ ತೊಟ್ಟಿಗೆ ಸಗಣಿ ತುಂಬಿದರು. ಅಂದೇ ನಬೀಸಾಬನ ರೋಜಾ ಉಪವಾಸದ ಮೊದಲ ದಿನ. ಬೆಳಗಿನಿಂದ ಗುಟುಕು ನೀರಿಲ್ಲದೆ ಅವನು ಸಗಣಿ, ನೀರು ಕಲಸಿ ಕೊಳವೆಯಲ್ಲಿ ಬಿಟ್ಟ. ಮಧ್ಯಾಹ್ನ ನಮಾಜಿಗೆ ಹೋದ. ಸುವರ್ಣಾ ಎಮ್ಮೆಯನ್ನು ನೀರಿಗೆ ಹೊಡೆದುಕೊಂಡು ಹೋದಳು. ಹಿತ್ತಿಲಲ್ಲಿ ಈಶಪ್ಪ ಒಬ್ಬನೇ ಉಳಿದ.

ಹಗೇವು ತುಂಬುವುದಕ್ಕೆ ಆ ಮನೆಯಲ್ಲಿ ಒಂದು ಕ್ರಮವಿತ್ತು. ಜೋಳ ಸುರಿದ ಮೇಲೆ ಬೇವಿನ ಸೊಪ್ಪು ಹಾಸಬೇಕು, ಒಲೆಯ ಬೂದಿ ಹರಡಬೇಕು, ಮೇಲೆ ಅರಿಷಿಣ ಎರಚಿ, ಕೈಮುಗಿದು ಬಾಯಿ ಮುಚ್ಚಬೇಕು. ಮದುವೆಯಾಗಿ ಬಂದ ವರ್ಷ ಚನ್ನವ್ವ ಮರಿಬೇವಿನ ಟೊಂಗೆಗಳನ್ನು ಉಡಿಯಲ್ಲಿ ತುಂಬಿ ತಂದು ಕೊಟ್ಟದ್ದು, ಅವನು ಕೆಳಗೆ ಇಳಿದು ಹಾಸಿದ್ದು, ಮೇಲಿನಿಂದ ಅವಳ ಮುಖ ದುಂಡಗೆ, ಆಕಾಶದ ನಡುವೆ ಇಟ್ಟ ಹಾಗೆ ಕಂಡದ್ದು, ಎಲ್ಲ ಅವನಿಗೆ ನೆನಪಿತ್ತು. ಅದೇ ಜಾಗ, ಅದೇ ಬಾಯಿ. ಕ್ರಮ ತಪ್ಪಿಸಿದರೆ ಹೇಗೆ? ಎರಡು ದಿನದಿಂದ ಕೊಟ್ಟಿಗೆಯ ಹಿಂದೆ ಕೂಡಿಟ್ಟಿದ್ದ ಮೂರು ಚೀಲ ಬೇವಿನ ಸೊಪ್ಪನ್ನು ಅವನು ತೊಟ್ಟಿಯ ಹಿಂಬದಿಯ ಬಾಯಿಂದ ಒಳಗೆ ಇಳಿಸಿದ. ಎರಡು ಬುಟ್ಟಿ ಬೂದಿ ಸುರಿದ. ಈ ವರ್ಷದ ಅರಿಷಿಣ, ಪುಡಿ ಮಾಡಿಸಿಟ್ಟದ್ದು, ಡಬ್ಬಿಗಟ್ಟಲೆ ಎರಚಿದ. ಉದ್ದನೆಯ ಕೋಲಿನಿಂದ ಚೆನ್ನಾಗಿ ತಿರುವಿ ಕೈಮುಗಿದ. ಕಣ್ಣು ಒದ್ದೆಯಾದವು, ಮನಸ್ಸು ಮಾತ್ರ ಹಗುರಾಯಿತು. ಪೂಜೆಯನ್ನು ಯಾರಿಗಾದರೂ ಹೇಳಿ ಮಾಡುತ್ತಾರೆಯೇ? ಅವನು ಹೇಳಲಿಲ್ಲ.

ಹತ್ತು ದಿನವಾಯಿತು. ಗ್ಯಾಸು ಇಲ್ಲ. ಹನ್ನೆರಡು ದಿನವಾಯಿತು. ಹೊಸ ಒಲೆಯ ಕಿವಿ ತಿರುವಿದರೆ ಒಂದು ಉಸಿರೂ ಬರಲಿಲ್ಲ. ನಬೀಸಾಬ ದಿನವೂ ಬಂದ. ಸೋಪಿನ ನೊರೆ ಹಚ್ಚಿ ಪೈಪಿನ ಗಂಟುಗಂಟನ್ನೂ ನೋಡಿದ, ತೊಟ್ಟಿಯ ಮೇಲೆ ತಾನು ಕಟ್ಟಿದ ಗುಮ್ಮಟಕ್ಕೆ ಕಿವಿಯಿಟ್ಟು ಕೇಳಿದ. ಬಿಸಿಲಿಗೆ ತುಟಿ ಬಿಳಿಚಿತ್ತು.

ಕಳಕೇಶನಿಗೆ ಹಬ್ಬವಾಯಿತು. “ಮಾವಾ, ಗ್ಯಾಸ ಬಂದ್ರ ನಮಗೂ ಒಂದ ಬುಟ್ಟಿ ಕೊಡ. ನಬೀ, ಗುಮ್ಮಟಾ ಅಂದ್ರ ಗುಮ್ಮಟಾನೋ, ಜರಡಿನೋ?”

ಮಾತು ಓಣಿ ದಾಟಿತು. ನಬೀಸಾಬನ ಕೈಯಿಂದ ತಮ್ಮ ಹಿತ್ತಿಲಲ್ಲೂ ಕಟ್ಟಿಸಬೇಕೆಂದು ಅರ್ಜಿ ಬರೆದಿಟ್ಟಿದ್ದ ನಾಲ್ಕು ಮನೆಯವರು ಅರ್ಜಿ ಮಡಿಚಿಟ್ಟರು. ಅತ್ತ ದೀಪಶ್ರೀ ಫೋನು ಮಾಡಿ, ಯುಗಾದಿ ಆದ ನಾಲ್ಕನೆಯ ದಿನ ಬರುತ್ತೇನೆ, ಅಂದು ಉರಿ ಕಾಣದಿದ್ದರೆ ಈ ಸಹಾಯಧನದ ಪಾಳಿ ಬೇರೆ ಊರಿಗೆ ಹೋಗುತ್ತದೆ ಎಂದಳು.

ಒಂದು ಮಧ್ಯಾಹ್ನ ನಬೀಸಾಬ ಬೇವಿನ ನೆರಳಲ್ಲಿ ಕೂತು ಈಶಪ್ಪನಿಗೆ ತಿಳಿಸಿ ಹೇಳಿದ. “ಕಾಕಾ, ನಮಗ ತರಬೇತಿಯೊಳಗ ಹೇಳ್ಯಾರ. ಒಳಗ ಕಣ್ಣಿಗೆ ಕಾಣದಂಥಾ ಹುಳಾ ಹುಟ್ಟಬೇಕು. ಅವು ಹೆಂಡಿ ತಿಂದು ಗ್ಯಾಸ ಬಿಡತಾವ. ಹಾಲಿಗೆ ಹೆಪ್ಪ ಹಾಕಿದಂಗ ಅನ್ರಿ. ಹೆಪ್ಪ ಸತ್ತರ ಮಸರ ಹ್ಯಾಂಗ ಆದೀತು? ಇಲ್ಲಿ ಹುಳಾ ಯಾಕ ಹುಟ್ಟವಲ್ವು, ಅದ ತಿಳಿವಲ್ದು.”

ಈಶಪ್ಪನ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

ಹುಳ ಹುಟ್ಟಬಾರದು ಎಂದೇ ಅಲ್ಲವೇ ಹಗೇವಿಗೆ ಬೇವು, ಬೂದಿ, ಅರಿಷಿಣ. ನಾಲ್ಕು ವರ್ಷ ಒಂದು ನುಸಿಯೂ ಆಡದ ಹಾಗೆ ಕಾಯುವ ಕ್ರಮ ಅದು. ಅದನ್ನು ಅವನು ಚಾಚೂ ತಪ್ಪದೆ ಮಾಡಿದ್ದ.

ಅಂದು ಹೇಳಲು ಬಾಯಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಊರಿನ ಹಿರಿಯ, ಪುರಾಣ ಹಚ್ಚಿದರೆ ಮುಂದೆ ಕೂಡುವವನು, ಹೀಗೆ ಮಾಡಿದೆ ಎಂದು ಯಾವ ಮುಖದಿಂದ ಹೇಳಬೇಕು? ಪೂಜೆಗೆ ಕೂತು ಅಂಗೈಯ ಲಿಂಗವನ್ನು ನೋಡಿದರೆ, ಉಪವಾಸದಲ್ಲಿ ಬಿಸಿಲಿಗೆ ಬಗ್ಗಿದ ನಬೀಸಾಬನ ಬೆನ್ನೇ ಕಾಣುತ್ತಿತ್ತು. ಚನ್ನವ್ವ ಇದ್ದಿದ್ದರೆ ಏನು ಅನ್ನುತ್ತಿದ್ದಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಅದಕ್ಕೇ ಅವನು ನಲವತ್ತೆಂಟು ವರ್ಷ ಹೆದರಿದ್ದು.

ಮೂರನೆಯ ದಿನ ಶುಕ್ರವಾರ. ನಬೀಸಾಬ ಸುತ್ತಿಗೆ, ಉಳಿ ಹಿಡಿದುಕೊಂಡು ಬಂದ. ಮುಖ ಸಣ್ಣದಾಗಿತ್ತು.

“ಸುವರ್ಣವ್ವಾ, ಗುಮ್ಮಟಾ ಒಡೀತೀನಿ. ತಪ್ಪ ನಂದ ಇರಬೇಕು. ಹೊಸಾದು ನನ್ನ ಖರ್ಚಿಲೆ ಕಟ್ಟಿಕೊಡತೀನಿ.”

ಗೋಡೆಯ ಮೇಲೆ ಕಳಕೇಶ ಹಾಜರಿದ್ದ. ಸುವರ್ಣಾ ಸೆರಗಿನ ತುದಿ ಹಿಡಿದು ನಿಂತಳು. ಬೇಡ ಎನ್ನಲು ಕಾರಣ ತಿಳಿಯದು, ಆಗಲಿ ಎನ್ನಲು ಮನಸ್ಸಾಗದು. ನಬೀಸಾಬ ಉಳಿಯನ್ನು ಗುಮ್ಮಟದ ಮೇಲೆ ಇಟ್ಟ.

“ತಡಿಯೋ ತಮ್ಮಾ,” ಎಂದ ಈಶಪ್ಪ. “ಸುತ್ತಗಿ ಕೆಳಗ ಇಡು. ನಿನ್ನ ಗುಮ್ಮಟಕ್ಕ ಏನೂ ಆಗಿಲ್ಲ. ಅದರಾಗ ನಾನು ಮೂರ ಚೀಲ ಬೇವಿನ ಸೊಪ್ಪ ಹಾಕೀನಿ.”

ನಬೀಸಾಬ ಉಳಿಯನ್ನು ಹಿಂದಕ್ಕೆ ತೆಗೆದ.

“ಎರಡ ಬುಟ್ಟಿ ಬೂದಿ,” ಎಂದ ಈಶಪ್ಪ. ಶುರುವಾದ ಮೇಲೆ ಪೂರ್ತಿ ಹೇಳುವುದೇ ಒಳ್ಳೆಯದು. “ಅರಿಷಿಣಪುಡಿನೂ. ಹಗೇವ ಅಲ್ಲೇನು, ಕ್ರಮಾ ಬಿಡಬಾರದು ಅಂತ ಹಾಕಿದೆ. ಹುಳಾ ಹುಟ್ಟಬಾರದು ಅಂತ ಹಾಕೂದ ಅದು. ಮೂರ ದಿನಾ ಆತು ನನಗ ತಿಳದು. ಹೇಳಾಕ ನಾಚಿಕಿ ಬಂತು. ನೀ ಉಪಾಸ ಇದ್ದು ಬಿಸಲಾಗ ಸಾಯಾಕತ್ತಿದ್ದಿ, ನಾ ನೆರಳಾಗ ಸುಮ್ಮನ ಕುಂತಿದ್ದೆ. ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋ.”

ಎರಡೂ ಕೈ ಜೋಡಿಸಿದ. ನಬೀಸಾಬ ಓಡಿ ಬಂದು ಆ ಕೈಗಳನ್ನು ಹಿಡಿದು ಬಿಡಿಸಿದ. “ಕಾಕಾ, ಅಂಥಾದ್ ಮಾಡಬ್ಯಾಡ್ರಿ.” ಅವನ ಕಣ್ಣಲ್ಲಿ ನೀರು. ತನ್ನ ಗುಮ್ಮಟ ಗಟ್ಟಿಯಿದೆ ಎಂಬ ಸಂತೋಷದ ನೀರು ಅದು.

ಆಗ ಒಂದು ಸದ್ದು ಕೇಳಿತು. ಸುವರ್ಣಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಒತ್ತಿದಷ್ಟೂ ನಗು ಹೊರಗೆ ಬಂತು. ಕೊನೆಗೆ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಮಾವಾರ, ಅರಿಷಿಣದ ಡಬ್ಬಿ ಖಾಲಿ ಆಗಿದ್ದು ನೋಡಿ ನಾ ಇಲಿ ತಿಂದಾವು ಅಂತ ತಿಳದಿದ್ದೆ. ಇಲಿಗೆ ಬೋನು ಇಟ್ಟೀನ್ರೀ ಹದಿನೈದ ದಿನಾ.”

ಆಷಾಢದಿಂದ ಈಚೆಗೆ ಆ ಮನೆಯಲ್ಲಿ ಯಾರೂ ಹೀಗೆ ನಕ್ಕಿರಲಿಲ್ಲ. ಈಶಪ್ಪನ ಗಡ್ಡವೂ ಅಲ್ಲಾಡಿತು. ಗೋಡೆಯ ಆಚೆ ಕಳಕೇಶ ನಕ್ಕು ಕೆಳಗೆ ಬಿದ್ದ ಸದ್ದು ಕೇಳಿತು. ಅವನು ಹತ್ತಿ ನಿಂತಿದ್ದು ಕುಳ್ಳಿನ ಬಣವೆಯ ಮೇಲೆ.

ನಗು ಮುಗಿದ ಮೇಲೆ ದಾರಿ ನೋಡಬೇಕಾಯಿತು. ಯುಗಾದಿಗೆ ಇನ್ನು ಹದಿಮೂರು ದಿನ. ನಬೀಸಾಬ ಲೆಕ್ಕ ಹಾಕಿ ಹೇಳಿದ. ಒಳಗಿನ ರಾಡಿಯನ್ನೆಲ್ಲ ತೆಗೆಯಬೇಕು, ಹೊಸ ಸಗಣಿ ಇವತ್ತೇ ಬೇಕು, ಈ ಮನೆಯ ನಾಲ್ಕು ದನದ್ದು ಸಾಲದು. ಜತೆಗೆ, ಚೆನ್ನಾಗಿ ನಡೆಯುವ ಯಾವುದಾದರೂ ತೊಟ್ಟಿಯ ಹಳೆಯ ರಾಡಿ ಸಿಕ್ಕರೆ ಹೆಪ್ಪಿನ ಹಾಗೆ ಹಾಕಬಹುದು.

“ಇವತ್ತ ಶುಕ್ರವಾರ್ರಿ,” ಎಂದಳು ಸುವರ್ಣಾ. “ಯಾರ ಕೊಡತಾರ?”

ಅದು ನಿಜವೇ. ಮಂಗಳವಾರ, ಶುಕ್ರವಾರ ಸಗಣಿಯನ್ನು ಯಾರೂ ಮನೆಯಿಂದ ಹೊರಗೆ ಕೊಡುವುದಿಲ್ಲ. ಸಗಣಿಯೆಂದರೆ ಲಕ್ಷ್ಮಿ. ಈಶಪ್ಪ ತಾನೇ ಎಷ್ಟೋ ಸಲ ಕೇಳಲು ಬಂದವರನ್ನು ಬರಿಗೈಲಿ ಕಳಿಸಿದ್ದ. ಅವನು ಒಂದು ಗಳಿಗೆ ಯೋಚಿಸಿ, ಹೆಗಲ ಮೇಲೆ ಬಿಳಿ ವಸ್ತ್ರ ಹಾಕಿಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು ಓಣಿಗೆ ಇಳಿದ.

ಮೊದಲ ಮನೆಯ ಬಾಗಿಲಲ್ಲಿ ನಿಂತು, ಸಮೀಪದ ಇಟಗಿಯ ಶರಣೆ ಭೀಮವ್ವನ ಹೆಸರಿನಲ್ಲಿ ಜೋಳಿಗೆ ಹಿಡಿದು ಬರುವವರು ಕೂಗುವ ಹಾಗೆ ಕೂಗಿದ: “ಭೀಮವ್ವನ ಭಿಕ್ಷಾ ನೀಡ್ರವ್ವಾ. ಜೋಳಾ ಬ್ಯಾಡ, ರೊಕ್ಕಾ ಬ್ಯಾಡ. ಹೆಂಡಿ ನೀಡ್ರಿ.”

ಹೆಂಗಸರು ಹೊರಗೆ ಬಂದು ನೋಡಿದರು. ಮೂವತ್ತು ಎಕರೆಯ ಈಶಪ್ಪ, ವಿಭೂತಿ ಹಚ್ಚಿಕೊಂಡು, ಸಗಣಿ ಬುಟ್ಟಿ ಹಿಡಿದು ನಿಂತಿದ್ದ. ಯಾಕೆ ಎಂದು ಕೇಳಿದರು. ಅವನು ಬೇವು, ಬೂದಿ, ಅರಿಷಿಣ ಎಲ್ಲವನ್ನೂ ಹೇಳಿದ. ಎರಡನೆಯ ಮನೆಯಲ್ಲೂ ಹೇಳಿದ. ಆರನೆಯ ಮನೆಗೆ ಬರುವಷ್ಟರಲ್ಲಿ ಕತೆ ಅವನಿಗಿಂತ ಮುಂದೆ ಹೋಗಿತ್ತು. ಅಲ್ಲಿಯ ಮುದುಕಿ ಚಮನಬಿ ಬುಟ್ಟಿ ತುಂಬಿಸಿ ಬಾಗಿಲಲ್ಲೇ ಕಾಯುತ್ತಿದ್ದಳು. “ಭಿಕ್ಷಾಕ್ಕ ಯಾವ ಶುಕ್ರವಾರೋ ಈಶಪ್ಪಾ. ಒಯ್ಯಿ. ಅರಿಷಿಣಾ ಹಾಕಿಲ್ಲ ನೋಡು.”

ಸಂಜೆಯ ಹೊತ್ತಿಗೆ ಹಿತ್ತಿಲಲ್ಲಿ ಸಗಣಿಯ ಗುಡ್ಡ ನಿಂತಿತು. ಹಳೆಯ ರಾಡಿಯನ್ನು ತೆಗೆಯಲು ಬಕೀಟಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವನು ಕಳಕೇಶ. ಬಾಯಿ ಮಾತ್ರ ನಿಲ್ಲಲಿಲ್ಲ. “ಈ ರಾಡಿ ನನ್ನ ಬದನಿ ತ್ವಾಟಕ್ಕ ಇರಲಿ ಮಾವಾ. ಬೇವು, ಅರಿಷಿಣಾ, ಬೂದಿ. ಇದಕ್ಕ ಕೀಡಿ ಬಂದ್ರ ಅದ ಕೀಡಿ ಅಲ್ಲ, ಭೂತ.”

ಹೆಪ್ಪು ತರಲು ಮರುದಿನ ಈಶಪ್ಪನೇ ಹೊರಟ. ಪ್ರತಿ ಅಮಾವಾಸ್ಯೆ ಇಟಗಿಯ ಗುಡಿಗೆ ಹೋದಾಗ ಅವನು ಇಳಿದುಕೊಳ್ಳುವ ಪರಿಚಯದ ಮನೆಯೊಂದಿತ್ತು. ಅಲ್ಲಿ ಆರು ವರ್ಷದಿಂದ ಗೋಬರ್ ಗ್ಯಾಸು ಉರಿಯುತ್ತಿತ್ತು. ಭೀಮವ್ವನ ಗುಡಿಯಲ್ಲಿ ಕೈಮುಗಿದು, ಹಾಲಿನ ಎರಡು ಕ್ಯಾನಿನಲ್ಲಿ ರಾಡಿ ತುಂಬಿಸಿಕೊಂಡು ಬಸ್ಸು ಹತ್ತಿದ. ಗಜೇಂದ್ರಗಡದ ರಸ್ತೆಯಲ್ಲಿ ಬಸ್ಸು ಕುಲುಕಿದಾಗ ಒಂದು ಮುಚ್ಚಳ ಸಡಿಲಾಯಿತು. ಮುಂದಿನ ಸೀಟಿನವರು ಹಿಂದಿನವರನ್ನು, ಹಿಂದಿನವರು ಮುಂದಿನವರನ್ನು ಅನುಮಾನದಿಂದ ನೋಡತೊಡಗಿದರು. ಕಂಡಕ್ಟರು ಮೂಗು ಹಿಡಿದುಕೊಂಡು ಬಂದ.

“ಅಜ್ಜಾರ, ಏನ್ರಿ ಇದು ಕ್ಯಾನಿನ್ಯಾಗ?”

“ಹೆಪ್ಪೋ ಮಗನ.”

“ಯಾವ ಎಮ್ಮಿದ್ರಿ ಇಂಥಾ ಹೆಪ್ಪು?”

ಈಶಪ್ಪ ಮೊದಲಿನಿಂದ ಕತೆ ಹೇಳಿದ. ಈಗ ಅವನಿಗೆ ಹೇಳುವುದು ರೂಢಿಯಾಗಿತ್ತು, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂಬುದೂ ತಿಳಿದಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು. ಕಿಟಕಿಗಳನ್ನೆಲ್ಲ ತೆರೆದು, ಕ್ಯಾನುಗಳಿಗೆ ಟಿಕೆಟ್ ಹರಿದು, ಸೂಡಿಯಲ್ಲಿ ಕಂಡಕ್ಟರೇ ಕೆಳಗೆ ಇಳಿಸಿಕೊಟ್ಟ.

ಏಳನೆಯ ದಿನ ತೊಟ್ಟಿಯ ಹಿಂಬದಿಯಲ್ಲಿ ಗುಳ್ಳೆ ಕಾಣಿಸಿತು. ಮೊಮ್ಮಗಳು ಚಿನ್ನು ಅವನ್ನು ಎಣಿಸುತ್ತ ಕೂತು ಶಾಲೆಗೆ ತಡವಾದಳು. ಮೊದಲು ಬಂದ ಗ್ಯಾಸು ಉರಿಯುವುದಿಲ್ಲವೆಂದು ನಬೀಸಾಬ ಎರಡು ಸಲ ಹೊರಗೆ ಬಿಟ್ಟ. ಯುಗಾದಿಯ ಬೇವು ಬೆಲ್ಲ ಹಂಚುವಾಗ ಸುವರ್ಣಾ ಮಾವನ ಕೈಗೆ ಚೂರು ಕೊಟ್ಟು, “ಇದನ್ನರ ಬಾಯಾಗ ಹಾಕ್ಕೊರಿ, ತೊಟ್ಟಿಯೊಳಗ ಬ್ಯಾಡ,” ಎಂದಳು.

ಮರುದಿನ ಸಂಜೆ, ರಂಜಾನ್ ಹಬ್ಬದ ಹಿಂದಿನ ದಿನ, ನಬೀಸಾಬ ರೋಜಾ ಬಿಡುವ ಮೊದಲು ಒಮ್ಮೆ ನೋಡಿ ಹೋಗಲೆಂದು ಬಂದ. ಸುವರ್ಣಾ ಒಲೆಯ ಕಿವಿ ತಿರುವಿದಳು. ಸಣ್ಣಗೆ ಸುಯ್ ಎಂದಿತು. ಕಡ್ಡಿಯ ಡಬ್ಬಿಯನ್ನು ಅವಳು ಮಾವನ ಕೈಗೆ ಕೊಟ್ಟಳು.

“ನೀವ ಹಚ್ಚರಿ.”

ಈಶಪ್ಪ ಕಡ್ಡಿ ಗೀರಿದ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ತಾಗಿದ್ದೇ ಒಲೆಯ ಸುತ್ತ ನೀಲಿ ಎಸಳುಗಳು ಬಿರಿದವು. ಹಿಂದೆ ಹಗೇವಿಗೆ ಇಳಿಯುವ ಮೊದಲು ಒಳಗಿನ ಗಾಳಿ ನೋಡಲು ಹಣತೆ ಇಳಿಬಿಡುತ್ತಿದ್ದರು. ಎಷ್ಟೋ ಸಲ ಅದು ಆರಿಹೋಗುತ್ತಿತ್ತು. ಈಗ ಅದೇ ಬಾಯಿಂದ ದೀಪ ಮೇಲೆ ಬಂದಿತ್ತು. ಹೊಗೆ ಇರಲಿಲ್ಲ. ಆದರೂ ಈಶಪ್ಪ ಕಣ್ಣು ಒರೆಸಿಕೊಂಡ. ಹೊಗೆಯ ನೆಪವೂ ಇಲ್ಲದೆ ಒರೆಸಿಕೊಳ್ಳಬೇಕಾಯಿತು.

ಸುವರ್ಣಾ ಹಾಲಿಟ್ಟಳು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಮಸೀದಿಯ ಕೂಗು ಕೇಳಿದಾಗ ನಬೀಸಾಬ ಕಟ್ಟೆಯ ಮೇಲೆ ಕೂತು, ಒಂದು ಖರ್ಜೂರ ತಿಂದು, ಆ ಹಾಲು ಕುಡಿದ. ಮಿಕ್ಕದ್ದನ್ನು ಸುವರ್ಣಾ ಅವನ ಮನೆಯ ಹಬ್ಬದ ಪಾಯಸ ಸುರಕುಂಬಾಕ್ಕೆಂದು ತಂಬಿಗೆಯಲ್ಲಿ ತುಂಬಿಕೊಟ್ಟಳು. ತಳದಲ್ಲಿ ಒಂದು ಲೋಟದಷ್ಟು ಉಳಿಸಿಕೊಂಡು, ಅದು ಆರಿದ ಮೇಲೆ ನೆಲುವಿನ ಗಡಿಗೆಯಿಂದ ಒಂದು ಚಮಚ ಹೆಪ್ಪು ತೆಗೆದು ಹಾಕಿದಳು.

“ಅತ್ತಿಯಾರ ಹೆಪ್ಪ ಇದು,” ಎಂದಳು. “ಅವರು ಹ್ವಾದ ದಿನಾನೂ ನಾ ಇದನ್ನ ಕೆಡಗೊಟ್ಟಿಲ್ಲ.”

ಈಶಪ್ಪನಿಗೆ ಅದು ಗೊತ್ತಿರಲಿಲ್ಲ. ಒಂಬತ್ತು ತಿಂಗಳಿಂದ ದಿನವೂ ಅದೇ ಮೊಸರು ಉಂಡಿದ್ದ.

ದೀಪಶ್ರೀ ಹೇಳಿದ ದಿನವೇ ಬಂದಳು. ಕಿಟಕಿಯ ಬಿಸಿಲಿಗೆ ನೀಲಿ ಉರಿ ಫೋಟೋದಲ್ಲಿ ಕಾಣಲಿಲ್ಲ. ಮೂರು ಸಲ ತೆಗೆದಳು. ಕೊನೆಗೆ ಈಶಪ್ಪ ತನ್ನ ಬಿಳಿ ವಸ್ತ್ರವನ್ನು ಕಿಟಕಿಗೆ ಅಡ್ಡ ಹಿಡಿದು ನಿಂತ. ಉರಿ ಕಂಡಿತು, ಸುವರ್ಣಾ ಕಂಡಳು, ಒಂದು ಮೂಲೆಯಲ್ಲಿ ಎರಡು ಕೈ ಎತ್ತಿ ನಿಂತ ಮುದುಕನೂ ಕಂಡ. “ಇರಲಿ ಬಿಡ್ರಿ, ಅಜ್ಜಾರೂ ಬರಲಿ ಸರಕಾರದ ಕಡತದಾಗ,” ಎಂದು ದೀಪಶ್ರೀ ಅದನ್ನೇ ಕಳಿಸಿದಳು.

ಮಡಿಚಿಟ್ಟ ನಾಲ್ಕು ಅರ್ಜಿಗಳು ಮತ್ತೆ ಬಿಚ್ಚಿಕೊಂಡವು. ಐದನೆಯದೊಂದು ಹೊಸದಾಗಿ ಸೇರಿತು. ಬೇಸಿಗೆ ಮುಗಿಯುವ ಹೊತ್ತಿಗೆ ಹೊಸ ವರ್ಷದ ಪಟ್ಟಿಯಲ್ಲಿ ಹೆಸರು ಬಂದು, ಕಳಕೇಶನ ಹಿತ್ತಿಲಲ್ಲೂ ನಬೀಸಾಬನ ಗುಮ್ಮಟ ಎದ್ದಿತು. ತೊಟ್ಟಿ ತುಂಬುವ ದಿನ ಬೆಳಿಗ್ಗೆ ಅವನು ಹಾಲಿನ ಕ್ಯಾನು ಹಿಡಿದುಕೊಂಡು, ಗೋಡೆ ಹತ್ತದೆ, ಬಾಗಿಲಿನಿಂದಲೇ ಬಂದು ನಿಂತ.

“ಮಾವಾ, ಒಂದ ಕ್ಯಾನ ರಾಡಿ ಕೊಡ್ತಿಯೇನು? ಮರತಿದ್ದೆ, ಇವತ್ತ ಶುಕ್ರವಾರ. ನಾಳೆ ಬರಲೇನು?”

ಈಶಪ್ಪ ಅವನ ಕೈಯಿಂದ ಕ್ಯಾನು ಇಸಿದುಕೊಂಡು ಹಿತ್ತಿಲ ಕಡೆಗೆ ನಡೆದ.

“ಹೆಪ್ಪಿಗೆ ವಾರ ಇಲ್ಲೋ ಅಳಿಯಾ. ಕೇಳಾಕ ಬಂದವರಿಗೆ ನಿಮ್ಮತ್ತಿ ಎಂದೂ ಇಲ್ಲ ಅಂದಾಕಿ ಅಲ್ಲ.”